ಎಲ್ಲರನ್ನೂ ಹತ್ತಿಸಿ ತಾನು ಇಳಿಯುವ ಭಾಟ್ಕಾರ್

ಗೋವಾದ ಶಿವೊಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾವ್ ಮಾರುವ ಪೊದೇರನ ಸೈಕಲ್ ಹಾರ್ನ್ ಇಗರ್ಜಿಯ ತಿರುವಿನಲ್ಲಿ ಕೇಳಿಸಿದ್ದೇ ತಡ, ಬೀದಿನಾಯಿಗಳಿಗೆ ಆಸರೆಯಾದ ನಾಯಿಮನೆಯ ಅಷ್ಟೂ ನಾಯಿಗಳು ಗಂಟಲು ಹರಿಯುವಂತೆ ಬೊಗಳುತ್ತವೆ. ಭಾಟ್ಕಾರ್ ಮಾತ್ರ ಬೊಗಳುವುದಿಲ್ಲ. ಅವನಿಗೆ ಕೆಲಸವಿದೆ. ನಿನ್ನೆ ಸಂಜೆ ಮೀನು ಮಾರುಕಟ್ಟೆಯಿಂದ ತಂದ ಬಿಳಿ ಹೆಣ್ಣು ನಾಯಿಯೊಂದು ಮೂಲೆಯ ಗೂಡಿನಲ್ಲಿ ಮುದುಡಿ ಕೂತಿದೆ, ಹಾಕಿದ ಊಟ ಮುಟ್ಟಿಲ್ಲ. ಭಾಟ್ಕಾರ್ ಒಳಗೆ ಹೋಗಿ ಅದಕ್ಕೆ ಬೆನ್ನು ಮಾಡಿ ಮಲಗುತ್ತಾನೆ. ಪಿಯೆದಾದ್ ಗಂಜಿಯ ಬಟ್ಟಲು ತಂದಿಡುತ್ತಾಳೆ. ಅವನು ಒಂದೇ ಒಂದು ಬಾಯಿ ತಿಂದು, ಮೂತಿ ನೆಕ್ಕಿಕೊಂಡು, ದೂರ ಸರಿಯುತ್ತಾನೆ. ಸ್ವಲ್ಪ ಹೊತ್ತಿಗೆ ಬಿಳಿ ನಾಯಿ ತೆವಳುತ್ತ ಬಂದು ಬಟ್ಟಲಿಗೆ ಬಾಯಿ ಹಾಕುತ್ತದೆ.

“‘ತಿನ್ನೇ ಮಾರಾಯ್ತಿ, ತಿನ್ನು. ನಾಳೆ ಯಾರೋ ಬಂದು ನಿನ್ನ ಎತ್ಕೊಂಡು ಹೋಗ್ತಾರೆ, ನಾನು ಇಲ್ಲೇ ಕೊಳೀತಿರ್ತೀನಿ’ ಅಂತಾನೆ,” ಎನ್ನುತ್ತಾಳೆ ಪಿಯೆದಾದ್.

ಪಿಯೆದಾದ್ ಇಲ್ಲಿ ಗೂಡು ತೊಳೆಯುವವಳು, ಗಂಜಿ ಬೇಯಿಸುವವಳು, ಮದ್ದು ಕುಡಿಸುವವಳು. ಭಾಟ್ಕಾರನ ಪರವಾಗಿ ಮಾತಾಡುವುದೂ ಅವಳದೇ ಕೆಲಸ. ಅದನ್ನು ಯಾರೂ ಒಪ್ಪಿಸಿದ್ದಲ್ಲ, ಅವಳಾಗಿಯೇ ಕೈಗೆತ್ತಿಕೊಂಡದ್ದು. ಈ ಬರಹದಲ್ಲಿ ಭಾಟ್ಕಾರ್ ಹೇಳಿದ್ದೆಂದು ಬರುವುದೆಲ್ಲ ಅವಳ ಬಾಯಿಂದ ಬಂದದ್ದು. ಅವನು ಒಮ್ಮೆಯೂ ಅಲ್ಲಗಳೆದಿಲ್ಲ.

ಪತ್ರಿಕೆಯ ಈ ಪುಟದಲ್ಲಿ ಇಷ್ಟು ಕಾಲ ಬಾವಿ ತೋಡುವವರ, ಶವಪೆಟ್ಟಿಗೆ ಮಾಡುವವರ, ಇಗರ್ಜಿಯ ಗಂಟೆ ಹೊಡೆಯುವವರ ಬಗ್ಗೆ ಬರೆದಿದ್ದೇನೆ. ನಾಯಿಯ ಬಗ್ಗೆ ಯಾಕೆ ಎಂದು ಕೇಳುವವರು ಒಂದು ದಿನ ಇಲ್ಲಿಗೆ ಬಂದು ನೋಡಲಿ. ನಮ್ಮ ಕೇರಿಯಲ್ಲಿ ಇವನಷ್ಟು ನಿಯತ್ತಾಗಿ ದುಡಿಯುವ ಗಂಡಸು ನನಗಂತೂ ಕಂಡಿಲ್ಲ.

ಭಾಟ್ಕಾರ್ ಎಂದರೆ ನಮ್ಮಲ್ಲಿ ಜಮೀನ್ದಾರ. ಅಂಗೈಯಗಲ ನೆಲವೂ ಇಲ್ಲದ ಕರಿ ನಾಯಿಗೆ ಆ ಹೆಸರು ಬಂದದ್ದು ಅವನ ಗತ್ತಿನಿಂದ. ಮರಿಯಾಗಿದ್ದಾಗ ಯಾರೋ ಗೋಣಿಚೀಲದಲ್ಲಿ ಹಾಕಿ ಗೇಟಿಗೆ ಕಟ್ಟಿಹೋಗಿದ್ದರಂತೆ. ಚೀಲ ಬಿಚ್ಚಿದ ಕೂಡಲೇ ಅಂಗಳವನ್ನೆಲ್ಲ ಒಂದು ಸುತ್ತು ಹಾಕಿ, ಎಲ್ಲಾ ತನ್ನದೇ ಎಂಬಂತೆ ಬಾವಿಕಟ್ಟೆಯ ಮೇಲೆ ಕೂತನಂತೆ. ಅಂದಿನಿಂದ ಇಂದಿನವರೆಗೆ ಅವನೊಟ್ಟಿಗೆ ಬಂದವರು, ಅವನ ನಂತರ ಬಂದವರು, ಕುಂಟರು, ಕುರುಡರು ಒಬ್ಬೊಬ್ಬರಾಗಿ ಸಾಕುವವರ ಮನೆ ಸೇರಿದ್ದಾರೆ. ಅವನು ಮಾತ್ರ ಉಳಿದಿದ್ದಾನೆ.

ಅವರನ್ನೆಲ್ಲ ಸಾಗಹಾಕಿದವನೂ ಅವನೇ. ಬೀದಿಯಲ್ಲಿ ಬೆಳೆದ ನಾಯಿಗೆ ಗಾಡಿ ಎಂದರೆ ಜೀವಭಯ. ಕರೆದೊಯ್ಯಲು ಬಂದವರು ಬಾಗಿಲು ತೆಗೆದು ನಿಂತರೆ ಅದು ನಾಲ್ಕೂ ಕಾಲು ಊರಿ ಕೂತುಬಿಡುತ್ತದೆ. ಆಗ ಭಾಟ್ಕಾರ್ ಬರುತ್ತಾನೆ. ತಾನೇ ಮೊದಲು ಗಾಡಿ ಹತ್ತಿ, ಸೀಟಿನ ಮೇಲೆ ಕೂತು, ಕಿಟಕಿಯಿಂದ ಹೊರಗೆ ನೋಡುತ್ತಾನೆ. ಅವನನ್ನು ನೋಡಿ ಇನ್ನೊಂದು ಹತ್ತುತ್ತದೆ. ಅದು ಕೂತ ಮೇಲೆ ಇವನು ಇಳಿಯುತ್ತಾನೆ. ಪಿಯೆದಾದ್ ತನ್ನ ಪಾವ್‌ನಿಂದ ಒಂದು ತುಂಡು ಮುರಿದು ಕೊಡುತ್ತಾಳೆ. ಮೊದಮೊದಲು ಇಳಿಯಲು ಒಲ್ಲೆ ಎನ್ನುತ್ತಿದ್ದನಂತೆ, ಕೊರಳಪಟ್ಟಿ ಹಿಡಿದು ಎಳೆಯಬೇಕಿತ್ತಂತೆ. ಈಗ ಯಾರೂ ಕರೆಯಬೇಕಿಲ್ಲ.

ಗಾಡಿ ಹೋದ ಮೇಲೆ ಅವನ ಅವತಾರ ನೋಡಬೇಕು. ಸದ್ದು ಅಡಗುವವರೆಗೆ ಗೇಟಿಗೆ ಮೂತಿ ಒತ್ತಿಕೊಂಡು ನಿಲ್ಲುತ್ತಾನೆ. ಆಮೇಲೆ ನೆಟ್ಟಗೆ ಹೋಗಿ, ಹೋದವರು ಮಲಗುತ್ತಿದ್ದ ಗೋಣಿತಾಟನ್ನು ಚಿಂದಿ ಚಿಂದಿ ಮಾಡುತ್ತಾನೆ. “‘ಅವನಲ್ಲೇನಿದೆ, ನನ್ನಲ್ಲೇನಿಲ್ಲ’ ಅಂತಾನೆ,” ಎನ್ನುತ್ತಾಳೆ ಪಿಯೆದಾದ್, ಚಿಂದಿ ಗುಡಿಸುತ್ತ.

ಅವನಿಗೆ ಮನೆ ಸಿಗದಿರುವುದಕ್ಕೂ ಈ ಹೊಟ್ಟೆಕಿಚ್ಚೇ ಕಾರಣ ಎನ್ನುತ್ತಾರೆ ನಾಯಿಮನೆ ನಡೆಸುವ ಡಾಕ್ಟರಮ್ಮ, ನಮ್ಮೆಲ್ಲರ ಡಾಕ್ಟರ್ ಬಾಯಿ. ಬಂದವರು ಬೇರೆ ನಾಯಿಯ ತಲೆ ಸವರಿದರೆ ನಡುವೆ ನುಗ್ಗಿ ಗುರ್ ಎನ್ನುತ್ತಾನೆ. ಬಂದವರು ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೆದರದೆ ನಿಂತವರಿಗೆ ಪಿಯೆದಾದ್ ಇದ್ದೇ ಇದ್ದಾಳೆ. “ನಿಮ್ಮ ಮನೇಲಿ ಮೆಟ್ಟಿಲು ಜಾಸ್ತಿ, ಅವನಿಗಾಗಲ್ಲ ಅಂತಾನೆ.” “ಮಕ್ಕಳ ಗಲಾಟೆ ಅವನಿಗೆ ಹಿಡಿಸಲ್ಲ ಅಂತಾನೆ.” ಹಾಗಾದರೆ ನೀನೇ ಕರೆದುಕೊಂಡು ಹೋಗು ಎಂದರೆ ಪೊರಕೆ ಎತ್ತಿಕೊಂಡು ಗೂಡು ಗುಡಿಸಲು ಹೋಗುತ್ತಾಳೆ. ಅವಳಿರುವುದು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ಅತ್ತಿಗೆಗೆ ನಾಯಿ ಕಂಡರಾಗದು.

ನನಗೂ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇನು. ಪ್ರತಿ ಭಾನುವಾರ ಮೀನಿನ ತಲೆ ಬೇಯಿಸಿ ಒಯ್ಯುತ್ತೇನೆ. ನನ್ನ ಕೈಯಿಂದ ತಿಂದು, ಪಿಯೆದಾದ್ ಕಡೆ ತಿರುಗಿ ಬಾಲ ಅಲ್ಲಾಡಿಸುತ್ತಾನೆ.

ಇವತ್ತು ಸಾಂಜಾಂವ್ ಹಬ್ಬ. ಊರಿನಲ್ಲಿ ಹೊಸದಾಗಿ ಮದುವೆಯಾದ ಗಂಡಸರು ತಲೆಗೆ ಕೊಪೆಲ್ ಎಂಬ ಹೂಬಳ್ಳಿಯ ಕಿರೀಟ ಇಟ್ಟುಕೊಂಡು ಮಾವನ ಮನೆಗೆ ಹೋಗಿ, ಬಾವಿಗೆ ಹಾರಿ, ಫೆಣಿ ಕುಡಿದು, ಅಳಿಯತನ ಮೆರೆಯುವ ದಿನ. ನಾಯಿಮನೆಯಲ್ಲೂ ಇದೇ ಪದ್ಧತಿ. ವರ್ಷದೊಳಗೆ ಮನೆ ಸೇರಿದ ನಾಯಿಗಳು ಈ ದಿನ ಹೊಸ ಅಳಿಯಂದಿರಂತೆ ಇಲ್ಲಿಗೆ ಬರುತ್ತವೆ. ಗೇಟಿನಲ್ಲೇ ಕೊರಳಿಗೆ ಕೊಪೆಲ್, ಒಳಗೆ ಬಂದರೆ ಕೋಳಿ ಅನ್ನ. ಬಾವಿಗೆ ಹಾರುವುದೊಂದಿಲ್ಲ. ಕೊಪೆಲ್ ಕಟ್ಟುವವಳು ಪಿಯೆದಾದ್. ಪಕ್ಕದಲ್ಲೇ ಕೂತು ಭಾಟ್ಕಾರ್ ಒಂದೊಂದು ಹೂವನ್ನೂ ಮೂಸುತ್ತಾನೆ, ಒಂದೂ ಅವನ ಕೊರಳಿಗೆ ಬರುವುದಿಲ್ಲ. ಹೋದ ವರ್ಷ ತಾನೇ ಗಾಡಿ ಹತ್ತಿಸಿ ಕಳಿಸಿದ್ದ ಟಿಟು ಎಂಬ ನಾಯಿ ಕೊಪೆಲ್ ತೊಟ್ಟು ಬಂದಾಗ, ಅದರ ಕೊರಳಲ್ಲೇ ಅದನ್ನು ಹರಿದುಹಾಕಿದ್ದ. ಹಾಗಾಗಿ ಈ ಸಲ ಅವನನ್ನು ಬಾವಿಯ ಕಂಬಕ್ಕೆ ಕಟ್ಟಿದ್ದಾರೆ.

ಅಳಿಯಂದಿರು ಉಂಡು ಮುಗಿಸುವ ಹೊತ್ತಿಗೆ ಮಳೆಯಲ್ಲೇ ಒಂದು ಹಳೆಯ ಓಮ್ನಿ ಬಂದು ನಿಲ್ಲುತ್ತದೆ. ಇಳಿದವರು ಮೊಯ್ರಾ ಊರಿನ ಇನಾಸ್, ಹಡಗಿನಲ್ಲಿ ಅಡುಗೆಯವರಾಗಿ ಆಯುಷ್ಯ ಕಳೆದು ಈಗ ಮನೆ ಸೇರಿದವರು, ಒಂಟಿ. ಅವರು ಗೊತ್ತುಮಾಡಿಕೊಂಡದ್ದು ಕಂದು ಬಣ್ಣದ ಮರಿಯನ್ನು. ಮರಿ ಓಮ್ನಿಯ ಮುಂದೆ ಕೂತುಬಿಡುತ್ತದೆ. ಭಾಟ್ಕಾರನನ್ನು ಬಿಚ್ಚುತ್ತಾರೆ. ಅವನು ಎಂದಿನಂತೆ ಹತ್ತಿ ಕೂರುತ್ತಾನೆ, ಮರಿಯೂ ಹತ್ತುತ್ತದೆ. ಇನಾಸ್ ಬಗ್ಗಿ ಮರಿಯ ತಲೆ ಸವರುತ್ತಾರೆ. ಭಾಟ್ಕಾರ್ ಗುರ್ ಎಂದು ಮರಿಯನ್ನು ಭುಜದಿಂದ ತಳ್ಳಿ, ತನ್ನ ತಲೆಯನ್ನು ಅವರ ಕೈ ಕೆಳಗೆ ತೂರಿಸುತ್ತಾನೆ.

“ಕ್ಷಮಿಸಿ, ಇವನು ಹೊಟ್ಟೆಕಿಚ್ಚಿನ ಮುದ್ದೆ,” ಎನ್ನುತ್ತಾಳೆ ಪಿಯೆದಾದ್. “ಬಾರೋ, ಇಳಿ.”

ಇನಾಸ್ ಕೈ ತೆಗೆಯುವುದಿಲ್ಲ. “ಇರ್ಲಿ ಬಾಯಿ. ನಾನು ಹಡಗು ಹತ್ತುವಾಗ ಊರಲ್ಲಿ ಅಳೋರಿದ್ರು, ದುಡ್ಡು ಕಳ್ಸು ಅನ್ನೋರಿದ್ರು. ನನಗೋಸ್ಕರ ಹೊಟ್ಟೆ ಉರ್ಕೊಂಡೋರು ಒಬ್ರೂ ಇರ್ಲಿಲ್ಲ. ಮರಿನ ಯಾರಾದ್ರೂ ತಗೋತಾರೆ. ನನಗೆ ಇವನನ್ನೇ ಕೊಡಿ.”

ಪಿಯೆದಾದ್ ಮುಖ ಬಿಳಿಚಿಕೊಳ್ಳುತ್ತದೆ. “ಅವನು ಬರಲ್ಲ ಅಂತಾನೆ.”

“ನಾನು ಕೇಳಿದ್ದು ಅವನನ್ನ, ನಿಮ್ಮನ್ನಲ್ಲ,” ಎನ್ನುತ್ತಾರೆ ಇನಾಸ್.

ಮರಿಯನ್ನು ಇಳಿಸುತ್ತಾರೆ. ಡಾಕ್ಟರ್ ಬಾಯಿ ಆಗಲಿ ಎಂದು ತಲೆಯಾಡಿಸುತ್ತಾರೆ. ಇನಾಸ್ ಬಾಗಿಲಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಭಾಟ್ಕಾರ್ ಟಪ್ಪನೆ ಕೆಳಗೆ ಜಿಗಿದು, ಪಿಯೆದಾದ್ ಮುಂದೆ ಬಂದು, ಪಾವ್ ತುಂಡಿಗಾಗಿ ಮುಖ ಎತ್ತಿ ನಿಲ್ಲುತ್ತಾನೆ. ಇಷ್ಟು ವರ್ಷ ಮಾಡಿದ ಕೆಲಸ. ಬಾಗಿಲು ಹಾಕುವ ಹೊತ್ತಿಗೆ ಇಳಿಯಬೇಕು ಎಂಬುದೊಂದೇ ಅವನಿಗೆ ಗೊತ್ತು.

“ನೋಡಿದ್ರಾ? ಬರಲ್ಲ ಅಂತಾನೆ,” ಎನ್ನುತ್ತಾಳೆ ಪಿಯೆದಾದ್. ಅವಳ ಮುಖಕ್ಕೆ ಮತ್ತೆ ಬಣ್ಣ ಬಂದಿದೆ. ಇನಾಸ್ ಪಾಪ, ನಂಬಿಬಿಡುತ್ತಾರೆ. “ಒತ್ತಾಯ ಬೇಡ, ಅವನ ಮನಸ್ಸು,” ಎಂದು ಬೀಗದ ಕೈಗಾಗಿ ಜೇಬು ತಡಕುತ್ತಾರೆ. ನನಗೆ ಸಿಟ್ಟು ನೆತ್ತಿಗೇರುತ್ತದೆ.

“ಪಿಯೆದಾದ್, ಅವನು ಯಾಕೆ ಇಳಿದ ಅಂತ ನಿನಗೆ ಗೊತ್ತು.”

“ನೀನು ಬರಿಯೋಕೆ ಬಂದಿದ್ದೀಯ, ಬರಿ,” ಎನ್ನುತ್ತಾಳೆ. ಪಾವ್ ಮುರಿಯುತ್ತಾಳೆ, ಕೊಡುವುದಿಲ್ಲ. ಭಾಟ್ಕಾರ್ ಒಮ್ಮೆ ಅವಳನ್ನು ನೋಡುತ್ತಾನೆ, ಒಮ್ಮೆ ತೆರೆದ ಬಾಗಿಲನ್ನು. ಇನಾಸ್ ಚಾಲಕನ ಸೀಟು ಹತ್ತಿ ಕೂರುತ್ತಾರೆ.

ಆಮೇಲೆ ಪಿಯೆದಾದ್ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಒದ್ದೆ ಸೀರೆ ಎತ್ತಿ ಕಟ್ಟಿಕೊಂಡು ಅವಳೇ ಓಮ್ನಿ ಹತ್ತುತ್ತಾಳೆ. ಹಿಂದಿನ ಸೀಟಿನ ಮೇಲೆ ಕೂತು, ಭಾಟ್ಕಾರನ ಕಡೆ ನೋಡದೆ ಕಿಟಕಿಯಿಂದ ಹೊರಗೆ ನೋಡುತ್ತಾಳೆ. ಭಾಟ್ಕಾರ್ ತಬ್ಬಿಬ್ಬಾಗುತ್ತಾನೆ. ಒಂದು ಸುತ್ತು ಸುತ್ತಿ, ಕುಂಯ್ ಎಂದು, ಹತ್ತಿ ಅವಳ ಪಕ್ಕದಲ್ಲಿ ಕೂರುತ್ತಾನೆ. ಅವಳು ಪಾವ್ ತುಂಡನ್ನು ಸೀಟಿನ ಮೇಲೆ ಇಡುತ್ತಾಳೆ. ಅವನು ಅದಕ್ಕೆ ಬಾಯಿ ಹಾಕಿದಾಗ ಅವಳು ಇಳಿದು ಬಾಗಿಲು ಎಳೆಯುತ್ತಾಳೆ.

ಓಮ್ನಿ ಗೇಟು ದಾಟುತ್ತದೆ. ಹಿಂದಿನ ಗಾಜಿನಲ್ಲಿ ಕರಿ ಮೂತಿಯೊಂದು ಕಾಣುತ್ತದೆ, ತಿರುವಿನಲ್ಲಿ ಅದೂ ಇಲ್ಲ. ಪಿಯೆದಾದ್ ಗೇಟು ಹಿಡಿದುಕೊಂಡು ನಿಂತೇ ಇದ್ದಾಳೆ, ಸದ್ದು ಅಡಗುವವರೆಗೂ.

“ಏನಂತಾನೆ?” ಎಂದು ಕೇಳುತ್ತೇನೆ.

“ಅವನದು ಅವನು ಹೇಳ್ಕೋತಾನೆ ಇನ್ಮೇಲೆ,” ಎನ್ನುತ್ತಾಳೆ. ನಾನು ಕಂಡಂತೆ ಅವಳು ತನ್ನ ಮನಸ್ಸಿನ ಮಾತನ್ನು ತನ್ನದೆಂದೇ ಆಡುತ್ತಿರುವುದು ಇದೇ ಮೊದಲು. “ನಾನು ಹೇಳೋದು ಬರ್ಕೋ. ಮುಂದಿನ ಸಾಂಜಾಂವ್‌ಗೆ ಅವನ ಕೊಪೆಲ್ ಕಟ್ಟೋಳು ನಾನು. ಬೇರೆ ಯಾರಾದ್ರೂ ಒಂದು ಹೂ ಮುಟ್ಟಿದ್ರೆ, ಹರಿದುಹಾಕ್ತೀನಿ.”