ಫಟಫಟಿ ಒದೆಯುತ್ತಿದ್ದ ರೋಶನಬಿ

ಲಕ್ಷ್ಮೇಶ್ವರದ ಪೇಟೆಯಲ್ಲಿ ಜಹಾಂಗೀರನ ಮೋಟಾರ್ ಸೈಕಲ್ಲು, ಜನರ ಬಾಯಲ್ಲಿ ಫಟಫಟಿ, ಗೊತ್ತಿಲ್ಲದವರು ಯಾರೂ ಇರಲಿಲ್ಲ. ಚಳಿಗಾಲದಲ್ಲಿ ಅದನ್ನು ಒದ್ದು ಚಾಲೂ ಮಾಡುತ್ತಿದ್ದವಳು ಅವನ ಹೆಂಡತಿ ರೋಶನಬಿ ಎಂಬುದು ಮಾತ್ರ ಪಕ್ಕದ ಮನೆಯ ಅಮೃತವ್ವನ ಹೊರತು ಮತ್ತಾರಿಗೂ ಗೊತ್ತಿರಲಿಲ್ಲ.

ಜಹಾಂಗೀರ ಬರ್ಮಾದ ಲಡಾಯಿಯಲ್ಲಿ ಫಟಫಟಿಯ ಮೇಲೆ ಟಪಾಲು ಒಯ್ಯುವ ಸಿಪಾಯಿಯಾಗಿದ್ದ. ಅಲ್ಲೊಮ್ಮೆ ಗಾಡಿ ಮೈಮೇಲೆ ಬಿದ್ದು ಬಲ ಮೊಣಕಾಲು ಜಜ್ಜಿಹೋಯಿತು. ಲಡಾಯಿ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ಹಸಿರು ಬಣ್ಣದ ಹಳೆ ಗಾಡಿಯೊಂದನ್ನು ಹಿಡಿದು ಊರಿಗೆ ಬಂದ. ಸಂಸ್ಥಾನ ಹೋಗಿ ಊರು ಮುಂಬೈ ಸರಕಾರಕ್ಕೆ ಸೇರಿದ ಹೊತ್ತಿಗೆ ಅವನಿಗೊಂದು ಕೆಲಸವೂ ಸಿಕ್ಕಿತು. ನಸುಕಿನಲ್ಲಿ ಗದಗ ಸ್ಟೇಶನ್ನಿಗೆ ಹೋಗಿ, ಹುಬ್ಬಳ್ಳಿ ರೈಲಿನಲ್ಲಿ ಬರುವ ಪತ್ರಿಕೆಗಳ ಗಂಟು ಇಳಿಸಿಕೊಂಡು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಮುಟ್ಟಿಸಬೇಕು. ಕೆಲಸ ಕೊಡುವಾಗ ಏಜೆಂಟ ಕೇಳಿದ್ದು ಒಂದೇ ಮಾತು: "ಕಾಲು ಗಟ್ಟಿ ಅದಾವಲ್ಲಾ?"

"ಗಟ್ಟಿ ಅದಾವ್ರಿ" ಅಂದಿದ್ದ ಜಹಾಂಗೀರ.

ಬೇಸಿಗೆಯಲ್ಲಿ ಆ ಮಾತು ಖರೆಯೇ. ಆದರೆ ದೀಪಾವಳಿ ಕಳೆದು ಥಂಡಿ ಬಿತ್ತೆಂದರೆ ಅವನ ಮೊಣಕಾಲು ಕೊರಡಿನ ಹಾಗೆ ಬಿಗಿಯುತ್ತಿತ್ತು. ಇಂಜಿನ್ನಿನ ಎಣ್ಣೆಯೂ ಕಾಕಂಬಿಯಂತೆ ಗಟ್ಟಿಯಾಗಿ, ಎಷ್ಟು ಒದ್ದರೂ ಗಾಡಿ ಕೆಮ್ಮಿ ಸುಮ್ಮನಾಗುತ್ತಿತ್ತು. ಹೀಗಾಗಿ ರೋಶನಬಿ ಕಲಿತಳು. ಹಿತ್ತಲ ಬಾಗಿಲು ಹಾಕಿಕೊಂಡು, ಪ್ಲಗ್ಗು ಬಿಚ್ಚಿ ಒಲೆಯ ಕೆಂಡದ ಮೇಲೆ ಕಾಯಿಸಿ, ಸೆರಗಿನಿಂದ ಹಿಡಿದು ತಂದು ಗಂಡನ ಕೈಗೆ ಕೊಡುವಳು. ಅವನು ಅದನ್ನು ಕೂಡಿಸಿದ ಮೇಲೆ ಸೀರೆ ಮೇಲಕ್ಕೆ ಸಿಗಿಸಿ, ಮೊದಲು ಮೆಲ್ಲಗೆ ನಾಲ್ಕಾರು ಸಲ ಒತ್ತಿ ಎಣ್ಣೆ ಸಡಿಲಿಸಿ, ಆಮೇಲೆ ಮೈಭಾರವನ್ನೆಲ್ಲ ಹಾಕಿ ಒಂದೇ ಒದೆತ. ಕಿಕ್ಕು ಹಿಂದಕ್ಕೆ ಹೊಡೆದು ಅವಳ ಮೀನಖಂಡ ನೀಲಿಗಟ್ಟಿದ್ದೂ ಉಂಟು. ಗಾಡಿ ಗುಡುಗಿದ ಕೂಡಲೇ ಜಹಾಂಗೀರ ಏರಿ ಹೊರಟುಬಿಡುತ್ತಿದ್ದ. ಊರವರು ಕಾಣುತ್ತಿದ್ದದ್ದು ಅಲ್ಲಿಂದ ಮುಂದಿನದನ್ನಷ್ಟೆ.

ಗೋಡೆಯಾಚೆ ಮುಖ ತೊಳೆಯುತ್ತಿದ್ದ ಅಮೃತವ್ವ ನಗುತ್ತಿದ್ದಳು. "ಗಾಡಿ ಹೋತು, ನಿನ್ನ ಕಾಲು ಉಳಿದೈತೋ ಇಲ್ಲೋ ನೋಡಿಕೋ, ರೋಶನಾ." ಆದರೆ ತನ್ನ ಗಂಡ ಪುಂಡಲೀಕಪ್ಪನಿಗೂ ಆಕೆ ಈ ಸುದ್ದಿ ಹೇಳಿರಲಿಲ್ಲ.

ಮುಂದೊಂದು ಚಳಿಗಾಲ ಅಮೃತವ್ವ ಹೆಣ್ಣುಕೂಸು ಹಡೆದಳು. ವಾರ ಕಳೆಯುವುದರೊಳಗೆ ಬಾಣಂತಿಯ ದವಡೆ ಬಿಗಿದು ಬೆನ್ನು ಬಿಲ್ಲಾಯಿತು. ಡಾಕ್ಟರು ನೋಡಿ, "ಧನುರ್ವಾಯು. ಇದರ ಇಂಜೆಕ್ಷನ್ ಗದಗಿನಿಂದ ಬರಬೇಕು, ಜಲ್ದಿ ಬರಬೇಕು" ಅಂದರು. ಪುಂಡಲೀಕಪ್ಪ ಬಾಯಿ ತೆರೆಯುವ ಮೊದಲೇ ಜಹಾಂಗೀರ ಹೊರಟಿದ್ದ. ಗದಗಿನಲ್ಲಿಯೂ ಔಷಧ ತೀರಿತ್ತು. ಮರುದಿನದ ನಸುಕಿನ ರೈಲಿಗೆ ಬರುತ್ತದೆಂದರು. ಅವನು ಸ್ಟೇಶನ್ನಿನಲ್ಲೇ ಮಲಗಿದ.

ರೋಶನಬಿ ಅಮೃತವ್ವನ ತಲೆ ಹಿಡಿದು ಕೂತಳು. ಬೆಳಕು ಹರಿಯಿತು. ಮಂಜು ಕರಗಿ ಬಿಸಿಲು ಅಂಗಳಕ್ಕೆ ಬಂತು. ಗಾಡಿಯ ಸಪ್ಪಳಕ್ಕಾಗಿ ಎಲ್ಲರೂ ಕಿವಿಗೊಟ್ಟಿದ್ದರು. ಸಪ್ಪಳ ಕೇಳಿ ಬಂದಾಗ ಅಮೃತವ್ವನ ಕಣ್ಣು ಮುಚ್ಚಿ ಆಗಿತ್ತು.

ಔಷಧದ ಡಬ್ಬಿ ಹಿಡಿದು, ಗಾಡಿ ದಾರಿಯಲ್ಲಿ ಬಂದ್ ಬಿತ್ತು ಎನ್ನುತ್ತ ಬಾಗಿಲಲ್ಲಿ ನಿಂತ ಜಹಾಂಗೀರನಿಗೆ ಡಾಕ್ಟರೇ ಸಮಾಧಾನ ಹೇಳಿದರು. "ಮೊದಲ ಬಂದಿದ್ದರೂ ಉಳೀತಿದ್ದಳು ಅಂತ ಹೇಳಾಕ ಬರಂಗಿಲ್ಲ." ನೆರೆದವರೂ ಅಂದರು, ಈ ಥಂಡಿಯೊಳಗ ಮಶೀನು ಕೈಕೊಟ್ಟರ ಮನುಷ್ಯಾ ಏನು ಮಾಡ್ಯಾನು.

ಮನೆಗೆ ಬಂದ ಮೇಲೆ ಅವನು ಹೆಂಡತಿಯ ಮುಂದೆ ನಡೆದದ್ದನ್ನು ಹೇಳಿದ. ಗದಗಿನಲ್ಲಿ ಇಳಿಜಾರು ನೋಡಿ ಗಾಡಿ ಉರುಳಿಸಿ ಚಾಲೂ ಮಾಡಿಕೊಂಡಿದ್ದ. ಮಾಗಡಿ ಕೆರೆಯ ಹತ್ತಿರ, ಸಪಾಟ ರಸ್ತೆಯಲ್ಲಿ, ಮಂಜಿನೊಳಗೆ ಅದು ಬಂದ್ ಬಿತ್ತು. ಒದೆಯಲು ಹೋದರೆ ಕಾಲು ಮಡಚಲೇ ಇಲ್ಲ.

"ಒಂದು ಎತ್ತಿನ ಚಕ್ಕಡಿ ಬಂತು. ಏನಾಗೇತಿ ಅಂತ ಕೇಳಿದ್ರು. ಪ್ಲಗ್ಗು ಥಂಡಾಗೇತಿ, ನೀವು ಹೋಗ್ರಿ, ನಾ ಮಾಡ್ಕೋತೀನಿ ಅಂದೆ."

"ನೂಕ್ರಿ ಅನ್ನಲಿಲ್ಲ?"

"ಸಿಪಾಯಿ ಅಂತ ಗುರ್ತು ಹಿಡಿದಿದ್ರು. ಕಾಲಾಗ ಬಲ ಇಲ್ಲ ಅಂತ ಹೇಳಾಕ ನಾಲಿಗಿ ಏಳಲಿಲ್ಲ." ಕೊನೆಗೆ ಬಿಸಿಲೇರಿದ ಮೇಲೆ ಕೆರೆಗೆ ದನ ಹೊಡೆದುಕೊಂಡು ಬಂದವರು, ಅವನು ಕೇಳದಿದ್ದರೂ, ತಾವಾಗಿಯೇ ನೂಕಿಕೊಟ್ಟಿದ್ದರು.

ರೋಶನಬಿಗೆ ಸಿಟ್ಟು ಬಂತು. ಆದರೆ ಅದನ್ನು ಅವನ ಮೇಲೆ ಹಾಕಲು ಆಗಲಿಲ್ಲ. ಹಿತ್ತಲ ಬಾಗಿಲು ಹಾಕಿಕೊಂಡು ಇಷ್ಟು ವರ್ಷ ಮುಚ್ಚಿಟ್ಟವರು ಇಬ್ಬರೂ.

ಅಮೃತವ್ವನ ದಿನಕರ್ಮಗಳೆಲ್ಲ ಮುಗಿದ ಮೇಲೆ ಜಹಾಂಗೀರ ಪುಂಡಲೀಕಪ್ಪನ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡ. ರೋಶನಬಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಪುಂಡಲೀಕಪ್ಪ, "ಒಂದು ಮಾತು ಕೇಳಿದ್ರ ಸಾಕಿತ್ತಲ್ಲೋ ತಮ್ಮಾ" ಅಂದ. ಕೂಸನ್ನು ಅಮೃತವ್ವನ ತವರಾದ ಮುಂಡರಗಿಗೆ ಕಳಿಸಿದ. ಆಮೇಲೆ ಜಹಾಂಗೀರನ ಮನೆಯವರ ಕೂಡ ಮಾತು ನಿಲ್ಲಿಸಿದ.

ಮರುವರ್ಷ ಚಳಿ ಶುರುವಾದಾಗ ರೋಶನಬಿ ಗಂಡನಿಗೆ ಹೇಳಿದಳು: "ಇನ್ನ ಹಿತ್ತಲದಾಗ ಬ್ಯಾಡ. ಗಾಡಿ ಓಣಿಗೆ ತರ್ರಿ." ಓಣಿಯವರೆಲ್ಲ ನೋಡುವಂತೆ, ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಲ್ಲಿ ಕಚ್ಚಿ ಹಿಡಿದು ಒದ್ದಳು. ಕೆಲವರು ನಕ್ಕರು. ಸುದ್ದಿ ಏಜೆಂಟನಿಗೆ ಮುಟ್ಟಿ ಆ ತಿಂಗಳೇ ಕೆಲಸ ಹೋಯಿತು. ಜಹಾಂಗೀರ ಬಾಡಿಗೆಗೆ ಜನರನ್ನು ಗಾಡಿಯ ಮೇಲೆ ಕೂಡಿಸಿಕೊಂಡು ಅಲ್ಲಿ ಇಲ್ಲಿ ಬಿಡತೊಡಗಿದ.

ಒಂದು ಬೆಳಿಗ್ಗೆ, ಎರಡನೆಯ ಒದೆತಕ್ಕೂ ಗಾಡಿ ಏಳದಿದ್ದಾಗ, ಪುಂಡಲೀಕಪ್ಪ ಕಂಬಳಿ ಹೊದ್ದು ಹೊರಗೆ ಬಂದ. ಸುಮ್ಮನೆ ಹಿಂದೆ ನಿಂತು ನೂಕಿದ. ಇಂಜಿನ್ ಹತ್ತಿದ ಮೇಲೆ, ಯಾರ ಮುಖವನ್ನೂ ನೋಡದೆ, "ಮುಂಡರಗಿ ತನಕ ಬಿಡ್ತೀ ಏನು? ಕೂಸಿನ ನೋಡಬೇಕು" ಎಂದ.

ಜಹಾಂಗೀರ ಸರಿದು ಜಾಗ ಕೊಟ್ಟ. ಅವರು ಓಣಿ ದಾಟುವವರೆಗೂ ರೋಶನಬಿ ನಿಂತೇ ಇದ್ದಳು. ಒಳಗೆ ಬಂದು ಒಬ್ಬಳೇ ಅತ್ತಳು. ಅಮೃತವ್ವ ಸತ್ತ ದಿನ ಅಷ್ಟು ಅತ್ತಿರಲಿಲ್ಲ.

ಏಕೀಕರಣವಾದ ವರ್ಷ ಶಿರಹಟ್ಟಿ ದಾರಿಗೆ ಬಸ್ಸು ಹೆಚ್ಚಾದವು. ಬಾಡಿಗೆ ಹುಟ್ಟದಾದಾಗ ಬೆಟಗೇರಿಯ ಗುಜರಿ ವ್ಯಾಪಾರಿ ಖಾಸಿಂಸಾಬ ಗಾಡಿಯನ್ನು ಕೊಂಡು, ಬಿಚ್ಚಿ ಭಾಗ ಭಾಗವಾಗಿ ಒಯ್ದ. ಎರಡು ಚಳಿಗಾಲ ಕಳೆದು ಜಹಾಂಗೀರ ಎದೆಬೇನೆಯಿಂದ ತೀರಿಕೊಂಡ. ಅವನ ಮಣ್ಣಿಗೆ ಪುಂಡಲೀಕಪ್ಪ ಹೆಗಲು ಕೊಟ್ಟ.

ಮುಂಡರಗಿಯಲ್ಲಿ ಬೆಳೆದ ಆ ಕೂಸು, ಅನ್ನಪೂರ್ಣವ್ವ, ಸಾಲಿಯ ಸೂಟಿಗೆ ಅಪ್ಪನ ಮನೆಗೆ ಬಂದಾಗ ರೋಶನಬಿಯ ಹತ್ತಿರವೇ ತಲೆ ಹಿಕ್ಕಿಸಿ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಒಮ್ಮೆ ಕೇಳಿದಳು, "ನಮ್ಮವ್ವ ಹೆಂಗ ಸತ್ತಳು, ಚಾಚೀ?"

"ಧನುರ್ವಾಯು ಆಗಿತ್ತು ಮಗಳ" ಅಂದಳು ರೋಶನಬಿ. ಹೆಣಿಕೆ ಸಡಿಲಾಗಿತ್ತು. ಬಿಚ್ಚಿ ಮತ್ತೆ ಹೆಣೆಯತೊಡಗಿದಳು.