ಹಗಲಿನ ಕಾವಲು

ಪೋರೂರಿನ ಹಳೆಯ ಕಟ್ಟಡವನ್ನು ಕೆಡವಿ ಹಾಕಿದ ಮೇಲೂ ಹರಿಹರ ಐತಾಳರು ದಿನಾ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಮಧ್ಯಾಹ್ನದ ಊಟ ಮುಗಿದು, ಬಿಸಿಲು ಒಂದಿಷ್ಟು ಮೆತ್ತಗಾಗಿ, ಕಡಲಗಾಳಿ ಊರೊಳಗೆ ನುಸುಳುವ ಹೊತ್ತಿಗೆ ಅವರು ಬಾಡಿಗೆ ಮನೆಯಿಂದ ಹೊರಡುತ್ತಿದ್ದರು. ಎರಡು ಬೀದಿ ದಾಟಿ, ತಗಡಿನ ಬೇಲಿಯೊಳಗೆ ನಿಂತು, ಕತ್ತೆತ್ತಿ ಮೇಲೆ ನೋಡುತ್ತಿದ್ದರು. ನೆಲದಿಂದ ಇಪ್ಪತ್ತು ಅಡಿ ಎತ್ತರದಲ್ಲಿ, ಈಗ ಬರೀ ಗಾಳಿ ಇರುವ ಜಾಗದಲ್ಲಿ, ಅವರ ಮನೆ ಇತ್ತು. ಆ ಮೂಲೆಯಲ್ಲಿ ದೇವರ ಕೋಣೆ. ಈ ಕಡೆಗೆ ಹೆಂಡತಿ ಅಕ್ಕು ಬಟ್ಟೆ ಒಣಗಿಸುತ್ತಿದ್ದ ಬಾಲ್ಕನಿ. ಇಪ್ಪತ್ತೇಳು ವರ್ಷ ತಾವು ಮಲಗಿ ಎದ್ದ ಜಾಗದ ಮೂಲಕ ಈಗ ಪಾರಿವಾಳಗಳು ಹಾದುಹೋಗುವುದನ್ನು ಕಂಡಾಗ, ಯಾರೋ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ ಹಾಗೆ ಅವರಿಗೆ ಕಸಿವಿಸಿಯಾಗುತ್ತಿತ್ತು.

"ಎಂತ ಕಾಂತ್ರಿ ಅಲ್ಲಿ ದಿನಾ?" ಎಂದು ಅಕ್ಕು ಕೇಳಿದರೆ, "ಮನೆ" ಎಂದಷ್ಟೇ ಹೇಳುತ್ತಿದ್ದರು.

ಅಕ್ಕು ನಗುತ್ತಿರಲಿಲ್ಲ. ಅವಳ ಕೈಯೂ ಒಮ್ಮೊಮ್ಮೆ ನಿದ್ದೆಗಣ್ಣಿನಲ್ಲಿ ಹಳೇ ಮನೆಯ ಸ್ವಿಚ್ಚಿಗೆ ಹೋಗುತ್ತಿತ್ತು.

ಐತಾಳರು ಸಾಲಿಗ್ರಾಮದ ಕಡೆಯವರು. ಹದಿನಾರನೇ ವಯಸ್ಸಿಗೆ ಈ ತಮಿಳರ ಊರಿನ ತ್ರಿಪ್ಲಿಕೇನಿನ ಒಂದು ಹೋಟೆಲಿಗೆ ಮೇಜು ಒರೆಸಲು ಬಂದವರು, ಅಲ್ಲೇ ಸಪ್ಲಾಯರ್ ಆಗಿ, ಕಡೆಗೆ ಮ್ಯಾನೇಜರ್ ಆಗಿ ನಲವತ್ತು ವರ್ಷ ಕಳೆದರು. ಕೆಲಸಕ್ಕೆ ಜನ ಆರಿಸುವುದರಲ್ಲಿ ಅವರದು ಎತ್ತಿದ ಕೈ. ಹೊಸಬ ಬಂದರೆ ಏನೂ ಕೇಳುತ್ತಿರಲಿಲ್ಲ. "ಆ ಟೇಬಲ್ಲಿಗೆ ನೀರಿಟ್ಟು ಬಾ" ಎಂದು ಕಳಿಸಿ ದೂರದಿಂದ ನೋಡುತ್ತಿದ್ದರು. ಲೋಟದ ಮೇಲೇ ಕಣ್ಣಿಟ್ಟವನಿಗೆ ಊಟ ಹಾಕಿಸಿ ಕಳಿಸಿಬಿಡುತ್ತಿದ್ದರು. ಕೂತ ಗಿರಾಕಿಯ ಮುಖ ನೋಡಿದವನು ಉಳಿಯುತ್ತಿದ್ದ.

ಕಟ್ಟಡದಲ್ಲಿದ್ದದ್ದು ಆರು ಮನೆ. ಗಾರೆ ಉದುರಿ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಹೊರಗಿಣುಕತೊಡಗಿದಾಗ, ಆರೂ ಮನೆಯವರು ಸೇರಿ ಕೆಡವಿ ಹೊಸದಾಗಿ ಕಟ್ಟಿಸಲು ನಿಶ್ಚಯಿಸಿದರು. ಕಂಟ್ರಾಕ್ಟರು ಕರಾರಿನಲ್ಲೇ ಹೇಳಿಬಿಟ್ಟಿದ್ದ: ಕಟ್ಟುವುದು ನನ್ನದು, ಕಾಯುವುದು ನಿಮ್ಮದು. ಸಭೆಯಲ್ಲಿ ಎಲ್ಲರೂ ಐತಾಳರ ಕಡೆಗೇ ತಿರುಗಿದರು. "ಇಷ್ಟು ವರ್ಷ ಆಳು ನೋಡಿದವರು ನೀವು. ಒಳ್ಳೇ ಸೆಕ್ಯೂರಿಟಿ ನೀವೇ ಆರಿಸಿ."

ವಿಚಿತ್ರವೆಂದರೆ, ಆ ಒಂದು ಸಲ ಐತಾಳರು ತಮ್ಮ ಪದ್ಧತಿಯನ್ನೇ ಮರೆತರು. ದೊಡ್ಡ ಏಜೆನ್ಸಿಯೊಂದರ ಮನುಷ್ಯ ಬಣ್ಣಬಣ್ಣದ ಪುಸ್ತಕ ತಂದು ಮುಂದಿಟ್ಟ. ನಾಲ್ಕು ಕ್ಯಾಮೆರಾ, ಗೇಟಿಗೆ ರಿಜಿಸ್ಟರು, ಹಗಲಿಗೊಬ್ಬ, ರಾತ್ರಿಗೊಬ್ಬ ನೀಲಿ ಸಮವಸ್ತ್ರದವರು. "ನಿಮ್ಮ ಸೈಟಿನಿಂದ ಒಂದು ಮೊಳೆಯೂ ಹೊರಗೆ ಹೋಗುವುದಿಲ್ಲ ಸಾರ್" ಎಂದ. ಐತಾಳರು ಮೂರು ತಿಂಗಳಿಗೆಂದು ಸಹಿ ಹಾಕಿದರು.

ಅವನ ಮಾತು ಸುಳ್ಳಾಗಲಿಲ್ಲ. ಹಗಲಿನ ಕಾವಲಿನವನು ಎತ್ತರದ ಆಳು, ಐತಾಳರನ್ನು ಕಂಡಾಗಲೆಲ್ಲ ಸಲ್ಯೂಟ್ ಹೊಡೆಯುತ್ತಿದ್ದ. ಕಬ್ಬಿಣ, ಸಿಮೆಂಟು ಇಟ್ಟಲ್ಲೇ ಇದ್ದವು. ಅಡಿಪಾಯಕ್ಕೆ ತೋಡಿದ ಗುಂಡಿಗಳಲ್ಲಿ ಮಳೆನೀರು ನಿಂತು, ಅದರಲ್ಲಿ ಮೋಡಗಳು ಮೆಲ್ಲಗೆ ತೇಲುತ್ತಿದ್ದವು.

ಹಾಗಿದ್ದ ಒಂದು ಮಧ್ಯಾಹ್ನ ಐತಾಳರು ಎಂದಿನಂತೆ ಮೇಲೆ ನೋಡುತ್ತ ನಿಂತಿದ್ದರು. ಗೇಟಿನಲ್ಲಿ ಜಲ್ಲಿ ಲಾರಿ ಬಂದಿತ್ತು. ಕಾವಲಿನವನು ಅದರ ನಂಬರು ಬರೆದುಕೊಳ್ಳುತ್ತಿದ್ದ. ಬಿಸಿಲಿನ ಜೊಂಪಿನಲ್ಲಿ ಐತಾಳರ ಕಣ್ಣೆದುರು ಗೋಡೆಗಳು ಒಂದೊಂದೇ ಎದ್ದು ನಿಂತ ಹಾಗಿತ್ತು. ಮೆಟ್ಟಿಲು ಸಹ ಬಂತು. ಆ ಮೆಟ್ಟಿಲಿನ ಕಡೆಗೆ ಯಾರೋ ತಿಳಿಹಸಿರು ಸೀರೆಯುಟ್ಟು, ಕೈಯಲ್ಲಿ ಕರಿಬೇವಿನ ಕಟ್ಟು ಹಿಡಿದು, ನಿಧಾನವಾಗಿ ನಡೆದು ಹೋಗುತ್ತಿದ್ದರು. ಐತಾಳರು ಒಂದು ಗಳಿಗೆ ಅದೂ ಕನಸಿನದೇ ಅಂದುಕೊಂಡರು. ಮರುಗಳಿಗೆ ಗುರುತು ಹತ್ತಿತು.

ಗೋದಾಬಾಯಿ! ಅವರ ಎದುರುಮನೆಯಲ್ಲಿದ್ದ ಗೋದಕ್ಕ. ಎಪ್ಪತ್ತೆಂಟು ವಯಸ್ಸು. ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಮಗ ಪ್ರಮೋದನ ಜೊತೆ ಪಕ್ಕದ ಬೀದಿಯ ಬಾಡಿಗೆ ಮನೆಯಲ್ಲಿದ್ದವರು, ಹೇಗೋ ಹೊರಬಿದ್ದು, ಬೇಲಿಯ ಸಂದಿನಿಂದ ನುಸುಳಿ, ತಮ್ಮ ಮನೆಗೆ ಹೊರಟಿದ್ದರು. ಮೆಟ್ಟಿಲು ಇದ್ದ ಕಡೆ ಈಗ ಆಳುದ್ದದ ಗುಂಡಿ, ಅದರೊಳಗಿಂದ ನೆಟ್ಟಗೆ ಎದ್ದು ನಿಂತ ಕಬ್ಬಿಣದ ಸರಳುಗಳು. ಗೋದಕ್ಕ ಅದರ ಅಂಚಿನಲ್ಲಿ ನಿಂತು, ಮೊದಲ ಮೆಟ್ಟಿಲು ಹತ್ತುವವರಂತೆ ಒಂದು ಕಾಲು ಎತ್ತಿದರು.

ಕೂಗಿದರೆ ಬೆಚ್ಚಿಬೀಳುತ್ತಾರೆ. ಓಡಲು ಹತ್ತು ಮಾರು ದೂರ. ಐತಾಳರ ಬಾಯಿಂದ ತಾನಾಗಿಯೇ ಹೊರಟದ್ದು ಹಳೇ ದಿನಗಳ ಮಾತು.

"ಗೋದಕ್ಕಾ, ಮೋಟರ್ ಆಫ್ ಮಾಡಿದ್ರಾ?"

ಎತ್ತಿದ ಕಾಲು ಹಿಂದಕ್ಕೆ ಬಂತು. ಇಡೀ ಕಟ್ಟಡಕ್ಕೆ ನೀರು ಏರಿಸುವ ಉಸ್ತುವಾರಿ ಒಂದು ಕಾಲಕ್ಕೆ ಅವರದೇ ಆಗಿತ್ತು.

"ಅಯ್ಯೋ, ಮರೆತೇ ಬಿಟ್ಟೆನಲ್ಲ! ಟ್ಯಾಂಕಿ ತುಂಬಿ ಸುರೀತದೋ ಏನೋ" ಎನ್ನುತ್ತ ಅವರು ಗಡಿಬಿಡಿಯಿಂದ ತಿರುಗಿ, ಗೇಟಿನ ಪಕ್ಕ ಇನ್ನೂ ಕೆಡವದೆ ಉಳಿದಿದ್ದ ಮೋಟರ್ ಕೋಣೆಯ ಕಡೆಗೆ ನಡೆದರು. ಐತಾಳರು ಅಡ್ಡ ಹೋಗಿ ಅವರ ಕೈ ಹಿಡಿದುಕೊಂಡರು.

ಕಾವಲಿನವನು ಗಾಬರಿಯಾಗಿ ಓಡಿ ಬಂದ. "ಸಾರ್, ನನಗೆ ಸಾಮಾನು ನೋಡಿಕೊಳ್ಳಲು ಹೇಳಿದ್ದಾರೆ ಸಾರ್. ಲಾರಿ ಬಂದಿತ್ತು..." ಐತಾಳರು ಅವನನ್ನು ಬಯ್ಯಲಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು. ಕಬ್ಬಿಣ ಕಾಯಲು ಹೇಳಿದವರು ಯಾರು? ತಾವೇ.

ಆ ರಾತ್ರಿ ಅವರು ಊಟಕ್ಕೆ ಕೂತರು. "ಕಳ್ಳ ಬಪ್ಪುದ್ ರಾತ್ರಿ ಅಂದೇಳಿ ನಾವೆಲ್ಲ ರಾತ್ರಿಗೇ ಹೆದರಿದ್ದು ಮಾರಾಯ್ತಿ" ಎಂದರು ಅಕ್ಕುವಿಗೆ. "ಮನೆಯವರು ಬಪ್ಪುದ್ ಹಗಲು. ಅದು ಯಾರಿಗೂ ಹೊಳೆಯಲಿಲ್ಲ."

"ಮತ್ತೊಂದ್ ಸಲ ಆರ್ಸಿ" ಎಂದಳು ಅಕ್ಕು, ಮಜ್ಜಿಗೆಯ ಲೋಟ ಮುಂದೆ ಸರಿಸಿ. "ಈ ಸಲ ಪುಸ್ತಕ ಕಾಂಬುದ್ ಬೇಡ."

ರಾತ್ರಿಯ ಕಾವಲಿನವನೂ ಕ್ಯಾಮೆರಾಗಳೂ ಹಾಗೇ ಇರಲಿ, ಹಗಲಿಗೆ ಮಾತ್ರ ಬೇರೆಯವರನ್ನು ನೋಡುವುದೆಂದು ಐತಾಳರು ಹೇಳಿಕಳಿಸಿದರು. ಮೂವರು ಬಂದರು. ಮೊದಲನೆಯವನು ಮಿಲಿಟರಿಯಲ್ಲಿ ಇದ್ದವನು, ಮೀಸೆಯೇ ಅರ್ಧ ಕಾವಲು ಕಾಯುವಂತಿತ್ತು. "ಇಲ್ಲಿ ಏನೇನು ಸಾಮಾನು ಇದೆ ಸಾರ್?" ಎಂದು ಕೇಳಿದ. ಎರಡನೆಯವನೂ ಅದನ್ನೇ ಕೇಳಿದ. ಮೂರನೆಯವಳು ತವಮಣಿ, ಐವತ್ತು ದಾಟಿದ ಹೆಂಗಸು. ಹೆರಿಗೆ ಆಸ್ಪತ್ರೆಯೊಂದರ ಬಾಗಿಲಲ್ಲಿ ಹನ್ನೊಂದು ವರ್ಷ ನಿಂತವಳು. ಅವಳು ಬಂದವಳೇ ಮಾತಾಡಲಿಲ್ಲ. ಚೀಲ ಕೆಳಗಿಟ್ಟು, ಬೇಲಿಯ ಗುಂಟ ಒಂದು ಸುತ್ತು ಹೋದಳು. ಒಂದೊಂದು ತಗಡನ್ನೂ ಅಂಗೈಯಿಂದ ಒತ್ತಿ ನೋಡಿದಳು. ಸಡಿಲವಾಗಿದ್ದ ಕಡೆ ನಿಂತು, ಒಳಗೆ ಬಿದ್ದಿದ್ದ ಯಾವುದೋ ಮಗುವಿನ ರಬ್ಬರ್ ಚೆಂಡನ್ನು ಎತ್ತಿಕೊಂಡಳು. ಆಮೇಲೆ ಬಂದು ತಮಿಳಿನಲ್ಲಿ ಕೇಳಿದಳು:

"ಸಾರ್, ಇಲ್ಲಿಗೆ ಯಾರ್ಯಾರು ಬರುತ್ತಾರೆ?"

ಐತಾಳರು ಗೋದಕ್ಕನ ವಿಷಯ ಎಲ್ಲ ಹೇಳಿದರು. ಅಲ್ಲಿಗೆ ನಿಲ್ಲಿಸಬೇಕೆಂದಿದ್ದವರು, ಏನೋ ತೋಚಿ, ಸಂಕೋಚದಿಂದ ಸೇರಿಸಿದರು: "ನಾನೂ ಬರುತ್ತೇನೆ. ಕೆಲಸಕ್ಕಲ್ಲ. ಸುಮ್ಮನೆ ಮೇಲೆ ನೋಡಲಿಕ್ಕೆ."

ತವಮಣಿ ಅವರ ಮುಖ ನೋಡಿದಳು. ಆಮೇಲೆ ತಾನೂ ಕತ್ತೆತ್ತಿ ಖಾಲಿ ಆಕಾಶ ನೋಡಿ, ಮನೆ ಹುಡುಕುವವಳಂತೆ ಕಣ್ಣು ಕಿರಿದು ಮಾಡಿ ಕೇಳಿದಳು: "ಎಂದ ಮಾಡಿ ಸಾರ್?"

ಯಾವ ಮಹಡಿ ಎಂದು ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಎರಡನೇದು" ಎಂದು ಬೆರಳೆತ್ತಿ ತೋರಿಸಿದರು ಐತಾಳರು.

ಸಭೆಯಲ್ಲಿ ಕೆಲವರು ಮೂಗು ಮುರಿದರು. ವಯಸ್ಸಾದ ಹೆಂಗಸು ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತಾಳೆಯೇ ಎಂದರು. ಐತಾಳರು ಉತ್ತರ ಹುಡುಕುವ ಮೊದಲೇ ಪ್ರಮೋದ್ ಎದ್ದು ನಿಂತ. ಆ ಘಟನೆಯ ಮೇಲೆ ತಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಲು ಹೊರಟಿದ್ದವನು, ನಾಚಿಕೆಯಿಂದ ಎರಡು ದಿನ ಯಾರ ಮುಖವನ್ನೂ ನೋಡಿರಲಿಲ್ಲ.

"ಕಬ್ಬಿಣ ಹೋದರೆ ಇನ್ನೊಂದು ಲೋಡ್ ತರಿಸಬಹುದು" ಎಂದ. ಸಭೆ ತವಮಣಿಗೇ ಒಪ್ಪಿತು.

ತವಮಣಿ ಮೊದಲ ದಿನವೇ ಬೇಲಿಯ ಸಂದುಗಳನ್ನೆಲ್ಲ ತಂತಿಯಿಂದ ಬಿಗಿಸಿದಳು. ಗುಂಡಿಗಳ ಸುತ್ತ ಹಲಗೆ ಕಟ್ಟಿಸುವ ತನಕ ಮೇಸ್ತ್ರಿಯನ್ನು ಬಿಡಲಿಲ್ಲ. ಗೋದಕ್ಕ ಬರುವುದು ನಿಲ್ಲಲಿಲ್ಲ. ಈಗ ಸೊಸೆಯೋ ಪ್ರಮೋದನೋ ಕರೆತಂದು ಗೇಟಿನಲ್ಲಿ ಬಿಡುತ್ತಿದ್ದರು. "ವಾಂಗಮ್ಮ, ಬನ್ನಿ, ಲಿಫ್ಟ್ ಕೆಟ್ಟಿದೆ, ಸ್ವಲ್ಪ ಕೂತಿರಿ" ಎಂದು ತವಮಣಿ ತಮಿಳಿನಲ್ಲಿ, ಕೈಸನ್ನೆ ಮಾಡಿ ಹೇಳಿ, ಹೊಂಗೆಮರದ ಕೆಳಗೆ ಕುರ್ಚಿ ಹಾಕುತ್ತಿದ್ದಳು. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಗೋದಕ್ಕನಿಗೆ ಅದು ನೆನಪಾಗಲಿಲ್ಲ.

ನಲವತ್ತು ವರ್ಷ ಆಡಿದ ತಮಿಳು ಗೋದಕ್ಕನಿಂದ ಎಲ್ಲೋ ಸೋರಿಹೋಗಿ, ಕನ್ನಡ ಮಾತ್ರ ಉಳಿದಿತ್ತು. ತವಮಣಿಗೆ ಕನ್ನಡ ಬಾರದು. ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮೇಲೆ ಹೊಂಗೆಯ ಹೂ ಉದುರುತ್ತಿತ್ತು, ಆಚೆ ಸಿಮೆಂಟು ಕಲಸುವ ಯಂತ್ರ ಗುರ್ರೆನ್ನುತ್ತಿತ್ತು, ನಡುವೆ ಎರಡು ಭಾಷೆಗಳು ಒಂದನ್ನೊಂದು ಮುಟ್ಟದೆಯೇ ಹರಟುತ್ತಿದ್ದವು. ಐತಾಳರು ಕೇಳುತ್ತ ಕೇಳುತ್ತ ಎಷ್ಟೋ ಸಲ ಮೇಲೆ ನೋಡುವುದನ್ನೇ ಮರೆಯುತ್ತಿದ್ದರು.

ಕ್ರೇನು ಬಂದ ದಿನ ಮಾತ್ರ ಅವರಿಗೇ ಗೇಟು ತೆರೆಯಲಿಲ್ಲ. ತವಮಣಿ ಕೈ ಅಡ್ಡ ಹಿಡಿದು ನಿಂತಳು.

"ಇವತ್ತು ಯಾರಿಗೂ ಇಲ್ಲ ಸಾರ್. ಮೇಲಿಂದ ಕಂಬಿ ಹೋಗುತ್ತಿದೆ."

"ನಾನೇ ಅಲ್ಲವೇನಮ್ಮ ನಿನ್ನನ್ನು ಆರಿಸಿದ್ದು?"

"ಅದಕ್ಕೇ ಸಾರ್" ಎಂದಳು.

ಐತಾಳರು ವಾಪಸು ಬಂದು ಹೇಳಿದಾಗ ಅಕ್ಕು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಡಲು ಬೇರೆ ಕೆಲಸವಿಲ್ಲದೆ ಇಬ್ಬರೂ ಅಂದು ಪೋರೂರು ಕೆರೆಯ ಕಡೆಗೆ ನಡೆದುಹೋದರು. ಇಷ್ಟು ವರ್ಷ ಅದರ ಪಕ್ಕದಲ್ಲೇ ಬಸ್ಸು ಹತ್ತಿ ಇಳಿದಿದ್ದರೂ ಏರಿಯ ಮೇಲೆ ಒಮ್ಮೆಯೂ ನಿಂತಿರಲಿಲ್ಲ. ಸಂಜೆಯ ನೀರು ತಾಮ್ರದ ಹಾಗೆ ಹೊಳೆಯುತ್ತಿತ್ತು. ದೂರದಲ್ಲಿ ಬಿಳಿ ಹಕ್ಕಿಗಳ ಸಾಲೊಂದು ಇಳಿಯಲೋ ಬೇಡವೋ ಎಂಬಂತೆ ಸುತ್ತುತ್ತಿತ್ತು. ಅಕ್ಕು ಸೆರಗು ಸುತ್ತಿಕೊಂಡು ಕಲ್ಲಿನ ಮೇಲೆ ಕೂತಳು.

"ಇನ್ನೊಂಚೂರು ಹೊತ್ತು ಕೂಕಂಬ" ಎಂದಳು.

ಐತಾಳರು ಅವಳ ಪಕ್ಕ ಕೂತರು.