ತನ್ನ ಯಂತ್ರದ ವಿರುದ್ಧವೇ ಸಾಕ್ಷಿ ನುಡಿದ ಲತಾಮಣಿ

ಬೇಲೂರಿನ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸು ಇನ್ನೂ ಗುರುಗುಟ್ಟುತ್ತ ನಿಂತಿದೆ. ಹಿಂದಿನ ಬೀದಿಯಲ್ಲಿ, ದಾನಿಗಳ ನೆರವಿನಿಂದ ನಡೆಯುವ ಪುಟ್ಟ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಲತಾಮಣಿ ಆಗಲೇ ಬಂದು ಸ್ಟೂಲೆಳೆದುಕೊಂಡು ಕೂತಿದ್ದಾರೆ. ಎದುರಿನ ಮಂಚದ ಮೇಲೆ ಹುಚ್ಚಮ್ಮ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತು ನಿಂತಿದೆ. ಲತಾಮಣಿ ಆಕೆಯ ನಾಡಿ ಹಿಡಿಯುವುದಿಲ್ಲ, ಹಣೆ ಮುಟ್ಟುವುದಿಲ್ಲ, ಮುಖವನ್ನಷ್ಟೇ ನೋಡುತ್ತಾರೆ. ನರ್ಸ್ ಶಿಲ್ಪಾ ಮಗ್ಗುಲು ಹೊರಳಿಸುವಾಗ ಹುಚ್ಚಮ್ಮನ ಹುಬ್ಬುಗಳ ನಡುವೆ ಸಣ್ಣದೊಂದು ಗೆರೆ ಮೂಡಿ, ಮೇಲ್ದುಟಿ ಒಂದಿಷ್ಟು ಎದ್ದು, ಮಾಯವಾಗುತ್ತದೆ.

“ಶಿಲ್ಪಾ, ಸೊಂಟದ ಕೆಳಗೆ ನೋಡಮ್ಮ. ಅಲ್ಲೇನೋ ನೋಯ್ತಾ ಇದೆ.”

ಶಿಲ್ಪಾ ಬಟ್ಟೆ ಸರಿಸಿ ನೋಡುತ್ತಾರೆ. ಹಾಸಿಗೆ ಹುಣ್ಣು ಆಗತಾನೇ ಬಾಯಿ ಬಿಡುತ್ತಿದೆ.

ಇವರು ನರ್ಸಲ್ಲ, ಡಾಕ್ಟರಲ್ಲ. ರೋಗಿಗಳ ಕಡೆಯವರು ಆಯಾ ಎಂದುಕೊಂಡು ಬಿಸಿನೀರು ತರಲು ಹೇಳುತ್ತಾರೆ, ಇವರೂ ತಂದುಕೊಡುತ್ತಾರೆ. ಮುಖ ನೋಡಿ ಮನುಷ್ಯರ ಸಿಟ್ಟು, ಸಂಕಟ, ನೋವನ್ನು ಗುರುತಿಸುವ ಕೃತಕ ಬುದ್ಧಿಮತ್ತೆಯನ್ನು ಕಟ್ಟಿದ, ಅದಕ್ಕೆಂದೇ ಅರಸೀಕೆರೆಯಲ್ಲಿ ಕಂಪನಿ ತೆರೆದ ವಿಜ್ಞಾನಿ ಇವರೇ ಎಂದು ಆ ಜನಕ್ಕೆ ಗೊತ್ತಿಲ್ಲ. ಹೇಳುವ ಉಮೇದೂ ಇವರಿಗೆ ಉಳಿದಿಲ್ಲ.

ಲತಾಮಣಿಯ ತಂದೆ ಉಗ್ರಪ್ಪ ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್. ಮಗಳು ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದಾಗ, ತೊಂಬತ್ತಾರರಲ್ಲಿ, ತಾಯಿ ದೇವೀರಮ್ಮನಿಗೆ ಲಕ್ವ ಹೊಡೆಯಿತು. “ಅವ್ವ ಮುಖ ಹಿಂಡ್ಕೊಂಡು ಮಲಗಿದ್ಲು. ಬಂದು ನೋಡಿದೋರೆಲ್ಲ ಲಕ್ವ ಹೊಡೆದ ಮುಖ ಹಂಗೇ ಅಂದ್ಕೊಂಡು ಹೋದ್ರು. ಹೊಟ್ಟೇಲಿ ಕರುಳು ತೂತು ಬಿದ್ದಿತ್ತು. ಬಾಯಿದ್ದಿದ್ರೆ ಕೂಗಿಕೊಳ್ಳೋಳು,” ಎನ್ನುವಾಗ ಲತಾಮಣಿಯ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ತಾಯಿಯ ತಿಥಿ ಮುಗಿಸಿ ಹೋದವರೇ, ಮುಖ ನೋಡಿ ನೋವು ಗುರುತಿಸುವ ಯಂತ್ರ ಕಟ್ಟುತ್ತೇನೆ, ಸಂಶೋಧನೆಯ ವಿಷಯ ಬದಲಿಸಿಕೊಡಿ ಎಂದು ಕೇಳಿಕೊಂಡರು. ಮುಖಭಾವ ನಾಟಕದವರಿಗೆ ಸೇರಿದ್ದು, ಎಂಜಿನಿಯರುಗಳಿಗಲ್ಲ ಎಂದು ಮಾರ್ಗದರ್ಶಕ ಮೇಷ್ಟ್ರು ನಕ್ಕರು. ಲತಾಮಣಿ ಬಿಡಲಿಲ್ಲ. ಯಂತ್ರಕ್ಕೆ ಕಲಿಸಲು ಸಿಕ್ಕಿದ್ದು ಹೊರದೇಶದವರ ಚಿತ್ರಗಳು, ಅದೂ ಕ್ಯಾಮೆರಾ ಮುಂದೆ ನಟಿಸಿದವು. ಅವನ್ನು ಕಲಿತ ಯಂತ್ರ, ಬಾಯಿಗೆ ಸೆರಗಡ್ಡ ಹಿಡಿದು ನಗುವ ನಮ್ಮ ಹೆಂಗಸರನ್ನು ಕಂಡು ‘ಭಯ’ ಎಂದಿತು. ಆಗ ಇವರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹಳೇಬೀಡು, ಬಸ್ತಿಹಳ್ಳಿ, ಹುಲಿಕೆರೆಗಳ ಜಗಲಿ ಜಗಲಿ ಅಲೆದರು.

ಹುಲಿಕೆರೆಯ ಸುವರ್ಣಮ್ಮ ಮೊದಲು ಒಪ್ಪಲಿಲ್ಲ. “ನನ್ ಮಕ ಯಾಕಕ್ಕ? ಹಳೇಬೀಡಿನ ಗುಡಿ ಗೋಡೆ ತುಂಬ ಚೆಲುವೇರವ್ರೆ, ಅವರ್ದು ತಗಿ.”

“ಅವರಿಗೆ ಸಿಟ್ಟೇ ಬರಲ್ಲವಲ್ಲ ಸುವರ್ಣಮ್ಮ. ನನಗೆ ಸಿಟ್ಟೂ ಬೇಕು.”

“ಹಂಗಾರೆ ನನ್ ಗಂಡನ್ ಸುದ್ದಿ ತಗಿ, ತಾನೇ ಬತ್ತದೆ.”

ಹೀಗೆ ಕೂಡಿಬಂದವು ಆ ಮುಖಗಳು. ನಂಬಿ ಕೊಟ್ಟ ಮುಖಗಳು.

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಯ ರಾಜಶೇಖರ್ ಬಂಡವಾಳ ಹೂಡಿದರು. ಅವರ ಕೊಬ್ಬರಿ ಮಂಡಿಯ ಮಹಡಿ ಕೋಣೆಯಲ್ಲಿ ಕಂಪನಿ ಶುರುವಾಯಿತು. ಹಗಲು ಕರೆಂಟಿನ ಭರವಸೆಯಿಲ್ಲದ ಕಾರಣ ಲತಾಮಣಿ ಕೋಳಿ ಕೂಗುವ ಹೊತ್ತಿಗೇ ಎದ್ದು ಒಂದೊಂದು ಮುಖದ ಹುಬ್ಬು, ಕಣ್ಣು, ತುಟಿಯಂಚುಗಳಿಗೆ ಚುಕ್ಕಿ ಇಟ್ಟು ಯಂತ್ರಕ್ಕೆ ಪಾಠ ಹೇಳಿದರು. ಎರಡು ಸಾವಿರದ ಐದರ ಹೊತ್ತಿಗೆ ಅದು ಕಲಿಯಿತು. ಬೇಲೂರಿನ ಇದೇ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ, ಮಾತಿಲ್ಲದ ಮುದುಕರೊಬ್ಬರ ಮುಖ ನೋಡಿ ‘ನೋವು’ ಎಂದಿತು. ಎಕ್ಸ್‌ರೇ ತೆಗೆದರೆ ತೊಡೆಯ ಮೂಳೆ ಮುರಿದಿತ್ತು. ಆವತ್ತು ಲತಾಮಣಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರಂತೆ.

ಆಸ್ಪತ್ರೆಗಳವರು ಹೊಗಳಿದರು, ಕೊಳ್ಳಲಿಲ್ಲ. ಕೊಳ್ಳಲು ಬಂದದ್ದು ಅರಸೀಕೆರೆ ಹೊರವಲಯದ ಒಂದು ಗಾರ್ಮೆಂಟ್ ಫ್ಯಾಕ್ಟರಿ. ಹೊಲಿಯುವ ಹೆಂಗಸರಲ್ಲಿ ಯಾರ ಮುಖ ಗಂಟಿಕ್ಕಿದೆ, ಯಾರು ಒಳಗೊಳಗೇ ಕುದಿಯುತ್ತಿದ್ದಾರೆ ಎಂಬುದು ಅವರಿಗೆ ಬೇಕಿತ್ತು. ಲತಾಮಣಿ ಆಗದು ಎಂದರು. “ಹೊಗಳಿಕೆ ತಿಂದು ಕಂಪನಿ ಬದುಕಲ್ಲ ಕಣ್ರೀ ಮೇಡಂ,” ಎಂದರು ರಾಜಶೇಖರ್. ಕಂಪನಿಯಲ್ಲಿ ಅವರದೇ ದೊಡ್ಡ ಪಾಲು. ಇವರ ಒಪ್ಪಿಗೆ ಬೇಕಿರಲಿಲ್ಲ.

ಹೊಲಿಗೆ ಸಾಲುಗಳ ಮೇಲೆ ಕ್ಯಾಮೆರಾಗಳು ಬಂದವು. ಹೆಂಗಸರು ಬೆಳಿಗ್ಗೆ ಒಳಗೆ ಹೋಗುವಾಗಲೇ ನಗು ತೊಟ್ಟುಕೊಂಡು ಹೋಗುವುದು, ಸಂಜೆ ದವಡೆ ಒತ್ತಿಕೊಳ್ಳುತ್ತ ಬರುವುದು ರೂಢಿಯಾಯಿತು. ಅಷ್ಟರಲ್ಲಿ ಸುವರ್ಣಮ್ಮನೂ ಅಲ್ಲಿ ಕೆಲಸಕ್ಕೆ ಸೇರಿದ್ದರು. ಒಂದು ಮಧ್ಯಾಹ್ನ ಮೂತ್ರಕ್ಕೆ ಹೋಗಲು ಮೇಲ್ವಿಚಾರಕ ಬಿಡಲಿಲ್ಲ. ಸುವರ್ಣಮ್ಮ ತುಟಿ ಪಿಟಕ್ಕೆನ್ನದೆ ಹೊಲಿಯುತ್ತ ಕೂತರು. ಯಂತ್ರ ‘ಸಿಟ್ಟು’ ಎಂದಿತು. ಅದಕ್ಕೂ ಹಿಂದೆ ಒಂದೆರಡು ಸಲ ಹಾಗೇ ಅಂದಿತ್ತು. ಕೆಲಸ ಹೋಯಿತು.

ಅವರು ನೆಟ್ಟಗೆ ಮಂಡಿಯ ಮಹಡಿ ಹತ್ತಿ ಬಂದರು. “ನಿನ್ ಮಿಷನ್ನು ನನ್ ಹೊಟ್ಟೆ ಮ್ಯಾಲೆ ಹೊಡೀತು ಕಣಕ್ಕ.”

“ಸಿಟ್ಟು ಬಂದಿದ್ದು ನಿಜವಾ?”

“ಬರ್ದೆ ಇರ್ತದಾ? ಬಾಯಲ್ಲಿ ಒಂದ್ ಮಾತು ಆಡಿದ್ರೆ ಕೇಳು. ಮನಸ್ನಾಗೆ ಬಂದುದ್ಕೂ ಕೆಲ್ಸ ಕಿತ್ಕೋತಾರಾ?”

ದೂರು ಕಾರ್ಮಿಕ ಅಧಿಕಾರಿಯ ಮುಂದೆ ಹೋಯಿತು. ಯಂತ್ರ ವೈಜ್ಞಾನಿಕವಾದದ್ದು, ಸುಳ್ಳು ಹೇಳದು ಎಂದು ಫ್ಯಾಕ್ಟರಿಯವರು ವಾದಿಸಿದರು. ಲತಾಮಣಿ ಸುವರ್ಣಮ್ಮನ ಪರ ಸಾಕ್ಷಿಗೆ ನಿಂತರು. ಯಂತ್ರವನ್ನು ನಂಬಬಹುದೇ ಎಂದು ಅಧಿಕಾರಿ ಕೇಳಿದಾಗ ಹಿಂದಿನ ಕುರ್ಚಿಯಲ್ಲಿ ರಾಜಶೇಖರ್ ಇದ್ದರು.

“ನಾಲ್ಕು ಸಲಕ್ಕೆ ಒಂದು ಸಲ ತಪ್ಪುತ್ತೆ ಸಾರ್. ಇದನ್ನ ನಂಬಿ ಯಾರ ಅನ್ನಾನೂ ಕಿತ್ಕೋಬಾರದು. ಇದನ್ನ ಮಾಡಿದೋಳೇ ಹೇಳ್ತಿದೀನಿ.”

ಆ ಲೆಕ್ಕ ಸುಳ್ಳಲ್ಲ. ಆದರೆ ಸುವರ್ಣಮ್ಮನ ವಿಷಯದಲ್ಲಿ ಯಂತ್ರ ತಪ್ಪಿರಲಿಲ್ಲ. ಅದನ್ನು ಅಧಿಕಾರಿ ಕೇಳಲಿಲ್ಲ, ಇವರು ಹೇಳಲಿಲ್ಲ. ಸುವರ್ಣಮ್ಮನಿಗೆ ಕೆಲಸ ಮರಳಿತು, ಕ್ಯಾಮೆರಾಗಳು ಇಳಿದವು. ಮರುವರ್ಷ ಫ್ಯಾಕ್ಟರಿಯೇ ಊರು ಬಿಟ್ಟಿತು.

ಅಷ್ಟರಲ್ಲಿ ಇವರ ಮಾತು ಎಲ್ಲೆಡೆ ಹಬ್ಬಿತ್ತು. ಯಂತ್ರ ಕೊಳ್ಳುವ ಮನಸ್ಸು ಮಾಡಿದ್ದ ಬೆಂಗಳೂರಿನ ಆಸ್ಪತ್ರೆಯೊಂದು ಹಿಂದೆ ಸರಿಯಿತು. ಇವರು ಅಲ್ಲಿಗೂ ಹೋಗಿ ಕಾಡಿದರು: “ಫ್ಯಾಕ್ಟರೀಲಿ ತಪ್ಪಿದ್ರೆ ಒಬ್ಬರ ಕೆಲಸ ಹೋಗುತ್ತೆ. ವಾರ್ಡಲ್ಲಿ ತಪ್ಪಿದ್ರೆ ನರ್ಸು ಒಂದು ಸಲ ಹೆಚ್ಚಿಗೆ ಬಂದು ನೋಡ್ತಾಳೆ. ಎರಡೂ ಒಂದೇನಾ ಡಾಕ್ಟ್ರೇ?” ತಪ್ಪುತ್ತೆ ಅಂತ ನೀವೇ ಹೇಳಿದೀರಲ್ಲಮ್ಮ ಎಂದು ಡಾಕ್ಟರು ಮಾತು ಮುಗಿಸಿದರು. ಕಂಪನಿ ಮುಚ್ಚಿತು. ಯಂತ್ರ ಕಂಪನಿಯದು, ಇವರ ಕೈಗೆ ಬರಲಿಲ್ಲ. ಮಹಡಿ ಕೋಣೆಗೆ ಕೊಬ್ಬರಿ ಚೀಲ ತುಂಬಿದರು.

ಕಳೆದ ವರ್ಷ ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಸುವರ್ಣಮ್ಮ ಎದುರಾದರಂತೆ. ಇವರನ್ನು ಕಂಡದ್ದೇ ಸೆರಗೆಳೆದು ಮುಖ ಮುಚ್ಚಿಕೊಂಡು, “ಚೆನ್ನಾಗಿದೀಯಾ ಅಕ್ಕ?” ಎಂದರಂತೆ. ಮಾತು ಮುಗಿಯುವ ತನಕ ಸೆರಗು ಇಳಿಯಲಿಲ್ಲ. “ಯಾಕೆ ಅಂತ ಕೇಳೋ ಮುಖ ನನಗೂ ಇರಲಿಲ್ಲ,” ಎನ್ನುತ್ತಾರೆ ಲತಾಮಣಿ.

ಈಗ ಬೇಲೂರಿನ ಖಾಸಗಿ ಕಾಲೇಜೊಂದರಲ್ಲಿ ಇವರು ಕಂಪ್ಯೂಟರ್ ಪಾಠ ಹೇಳುತ್ತಾರೆ. ತರಗತಿಗೆ ಮುಂಚೆ ದಿನವೂ ಈ ವಾರ್ಡು. ಯಂತ್ರ ಮಾಡಬೇಕಿದ್ದ ಕೆಲಸವನ್ನು ಎರಡು ಕಣ್ಣಲ್ಲಿ ಮಾಡುತ್ತಾರೆ. ಒಂದು ಮಂಚ ನೋಡುವಾಗ ಉಳಿದ ಮಂಚಗಳು ಕಾಯುತ್ತವೆ. “ಯಂತ್ರ ಆಗಿದ್ರೆ ಎಲ್ಲರನ್ನೂ ಒಟ್ಟಿಗೆ ನೋಡೋದು. ರಾತ್ರಿ ನಾನು ಮನೇಲಿ ಮಲಗಿರ್ತೀನಲ್ಲ, ಆಗ ಯಾರಿಗೆ ಏನು ನೋವಾಯ್ತೋ.”

ಹೊರದೇಶದ ಕಂಪನಿಯೊಂದು ಇಂಥದೇ ಯಂತ್ರ ಮಾಡಿ ಬಹುಮಾನ ಪಡೆದ ಸುದ್ದಿ ಮೊನ್ನೆ ಪೇಪರಿನಲ್ಲಿತ್ತು. ಅದು ತಪ್ಪುವುದಿಲ್ಲವೇ ಎಂದು ಕೇಳಿದರೆ, ಹುಚ್ಚಮ್ಮನ ತಲೆದಿಂಬು ಸರಿಮಾಡುತ್ತಿದ್ದ ಲತಾಮಣಿ ತಲೆಯೆತ್ತದೆ ಉತ್ತರಿಸುತ್ತಾರೆ:

“ತಪ್ಪುತ್ತೆ ಕಣ್ರೀ. ಎಲ್ಲರದೂ ತಪ್ಪುತ್ತೆ. ಸಾಕ್ಷಿಗೆ ನಿಂತು ಅದನ್ನ ಹೇಳಬೇಕಾದ ಗತಿ ಅವರಿಗಿನ್ನೂ ಬಂದಿಲ್ಲ, ಅಷ್ಟೆ.”